‘ಲೈಟ್ ಇರೋದು ಕೊಡ್ರಿ’: ಸಿಗರೇಟಿನ ತೂತು, ಬಣ್ಣ, ಅಳತೆ ಸೇದುವವರಿಗೆ ಏನು ಮಾಡುತ್ತೆ?

ಬೆಣ್ಣೆದೋಸೆ577002 (ದಾವಣಗೆರೆ)

ಮೇ 31ರ ತಂಬಾಕು ರಹಿತ ದಿನಕ್ಕೆ ಕಾಲೇಜಿನಲ್ಲಿ ಒಂದು ಮೇಜು ಸಿಕ್ಕಿದೆ. ಕಪ್ಪಾದ ಶ್ವಾಸಕೋಶದ ಚಿತ್ರ ಅಂಟಿಸಿ ಕೂರೋದು ಈ ಸಲ ಬೇಡ. ಪಿ.ಬಿ. ರಸ್ತೆಯ ಯಾವ ಗೂಡಂಗಡಿ ಮುಂದೆ ನಿಂತರೂ ಕಿವಿಗೆ ಬೀಳೋ ಮಾತುಗಳೇ ವಿಷಯ: ‘ಲೈಟ್ ಇರೋದು ಕೊಡ್ರಿ’, ‘ಸಣ್ಣದು ಸಾಕು’, ‘ಬಿಳಿ ಫಿಲ್ಟರಿಂದು ಗಂಟಲು ಹಿಡಿಯಲ್ಲ’. ಹೀಗೆ ಅನ್ನಿಸೋದಕ್ಕೆ ಸಿಗರೇಟಿನ ಯಾವ ಯಾವ ಭಾಗ ಕಾರಣ, ಅದನ್ನ ಮೇಜಿನ ಮೇಲೆ ಬಿಚ್ಚಿ ತೋರಿಸೋದು ಹೇಗೆ? ಕಾಲೇಜಿನ ಆವರಣ, ಹಚ್ಚಿ ತೋರಿಸೋ ಹಾಗಿಲ್ಲ. ತಿಳಿದವರು ಹೇಳಿ.

ನಿರ್ವಾಹಕ

ಚರ್ಚೆ ಇರಲಿ. ಬ್ರಾಂಡ್ ಹೆಸರು ಇತಿಹಾಸ ಹೇಳೋಕೆ ಬೇಕಾದಷ್ಟು ಮಾತ್ರ. ‘ಇವುಗಳಲ್ಲಿ ಯಾವುದು ವಾಸಿ’ ಅನ್ನೋ ಪ್ರತಿಕ್ರಿಯೆ ಅಳಿಸ್ತೀನಿ.

ಅಳತೆಪಟ್ಟಿ (ಚಿತ್ರದುರ್ಗ)

ಮೊದಲು ಬಿಚ್ಚೋದು. ಬೇಕಾದ್ದು ಹೊಸ ಬ್ಲೇಡು, ಚಿಮಟ, ಬಿಳಿ ಹಾಳೆ, ಮಿಲಿಮೀಟರ್ ಪಟ್ಟಿ, ಮೊಬೈಲ್ ಟಾರ್ಚು. ಬ್ಲೇಡು ಮೊಂಡಾಗಿದ್ದರೆ ಫಿಲ್ಟರ್ ಕುಯ್ಯೋ ಬದಲು ನಜ್ಜಾಗುತ್ತೆ, ಆಮೇಲೆ ಅದರಲ್ಲಿ ತೋರಿಸೋಕೆ ಏನೂ ಉಳಿಯಲ್ಲ.

ಉದ್ದಕ್ಕೆ ಒಂದೇ ಸೀಳು ಹಾಕಿ. ಬಾಯಿ ಕಡೆ ಹೊರಗೆ ಸುತ್ತಿರೋದು ಟಿಪ್ಪಿಂಗ್ ಪೇಪರ್. ಇದು ಫಿಲ್ಟರಿಗಿಂತ ಕೆಲವು ಮಿಲಿಮೀಟರ್ ಉದ್ದ ಇರುತ್ತೆ, ಫಿಲ್ಟರನ್ನೂ ತಂಬಾಕಿನ ಕೊಳವೆಯನ್ನೂ ಹಿಡಿದು ಅಂಟಿಸಬೇಕಲ್ಲ. ಅದರ ಒಳಗೆ ಫಿಲ್ಟರಿಗೇ ಸುತ್ತಿದ ಇನ್ನೊಂದು ತೆಳು ಕಾಗದ. ಅದನ್ನೂ ತೆಗೆದರೆ ಹತ್ತಿಯಂತೆ ಕಾಣೋ ಬಿಳಿ ಎಳೆಗಳು. ಹತ್ತಿ ಅಲ್ಲ, ಸೆಲ್ಯುಲೋಸ್ ಅಸಿಟೇಟ್. ಒಂದು ಬಗೆಯ ಪ್ಲಾಸ್ಟಿಕ್ ಅಂದರೆ ತಪ್ಪಿಲ್ಲ. ಒಂದೊಂದು ಫಿಲ್ಟರಿನಲ್ಲಿ ಇಂಥ ಎಳೆ ಹತ್ತು ಸಾವಿರಕ್ಕೂ ಹೆಚ್ಚು. ಅವು ಒಂದಕ್ಕೊಂದು ಅಂಟಿ ಗಟ್ಟಿಯಾಗಿ ನಿಲ್ಲಲಿ ಅಂತ ಟ್ರೈಅಸಿಟಿನ್ ಅನ್ನೋ ದ್ರವ ಸಿಂಪಡಿಸಿರ್ತಾರೆ. ಬೆರಳಲ್ಲಿ ಒತ್ತಿದಾಗ ಫಿಲ್ಟರ್ ಬಿಗಿಯಾಗಿ ಪುಟಿಯುತ್ತಲ್ಲ, ಅದು ಇದರ ಕೆಲಸ. ಮೆತ್ತಗಿದ್ದರೆ ‘ಹಳೇ ಮಾಲು’ ಅಂತ ಗಿರಾಕಿ ವಾಪಸ್ ಕೊಡ್ತಾನೆ.

ಈಗ ಟಿಪ್ಪಿಂಗ್ ಪೇಪರನ್ನ ಬಿಡಿಸಿ ಟಾರ್ಚಿಗೆ ಅಡ್ಡ ಹಿಡಿಯಿರಿ. ಬಾಯಿ ತುದಿಯಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿ ಸೂಜಿಮೊನೆಯಂಥ ಚುಕ್ಕಿಗಳ ಸಾಲು ಕಂಡರೆ ಅವೇ ಗಾಳಿತೂತು. ಲೇಸರಿನಲ್ಲಿ ಹೊಡೆದವು ಕಣ್ಣಿಗೆ ಕಾಣುತ್ತವೆ. ವಿದ್ಯುತ್ ಕಿಡಿಯಿಂದ ಹೊಡೆದವು ತೀರಾ ಸಣ್ಣವು, ಟಾರ್ಚಿಗೂ ಸಿಗದೇ ಇರಬಹುದು. ಅದಕ್ಕೊಂದು ಉಪಾಯ ಇದೆ. ಫಿಲ್ಟರ್ ಭಾಗವನ್ನ ಮಾತ್ರ ಕತ್ತರಿಸಿ, ತಂಬಾಕಿನ ಕಡೆಯ ಬಾಯನ್ನ ಜೇಡಿಮಣ್ಣಿನಿಂದ ಮುಚ್ಚಿ, ಇನ್ನೊಂದು ಕಡೆ ತೆಳು ರಬ್ಬರ್ ಕೊಳವೆ ಸಿಕ್ಕಿಸಿ, ನೀರಿನ ಲೋಟದಲ್ಲಿ ಮುಳುಗಿಸಿ ಮೆಲ್ಲಗೆ ಊದಿ. ತೂತಿದ್ದರೆ ಗುಳ್ಳೆಗಳು ಬಳೆಯ ಹಾಗೆ ಸುತ್ತಲೂ ಏಳುತ್ತವೆ. ಕೂಡಲೇ ಮುಗಿಸಬೇಕು, ಕಾಗದ ನೆನೆದರೆ ಎಲ್ಲೆಂದರಲ್ಲಿ ಸೋರಿ ಲೆಕ್ಕ ತಪ್ಪುತ್ತೆ. ಇಡೀ ಸಿಗರೇಟನ್ನ ಮುಳುಗಿಸಿದರೂ ಇದೇ ಪಾಡು, ತಂಬಾಕು ಸುತ್ತಿದ ಕಾಗದವೇ ಗಾಳಿ ಬಿಡುತ್ತೆ.

ಗೂಡಂಗಡಿ_ಮೂಲೆ (ದಾವಣಗೆರೆ)

ಅಲ್ರೀ ಸರ, ತೂತು ಐತಿ ಅಂದ್ರ ಗಾಳಿ ಬೆರೀತೈತಿ. ಗಾಳಿ ಬೆರೆತ್ರ ಹೊಗಿ ಕಮ್ಮಿ. ಅಂದ್ಮ್ಯಾಲೆ ಅದು ಲೈಟೇ ಆತಲ್ಲ? ಗಿರಾಕಿ ಹೇಳೋದು ಸುಳ್ಳು ಹೆಂಗಾಗತೈತಿ?

ಉಸಿರುಲೆಕ್ಕ (ದಾವಣಗೆರೆ)

ಅಣ್ಣ, ನಿಮ್ಮ ಪ್ರಶ್ನೆಯೇ ಈ ಇಡೀ ವಿಷಯದ ಗಂಟು. ಕಮ್ಮಿ ಆಗೋದು ಯಂತ್ರಕ್ಕೆ.

ಟಾರು (ಹೊಗೆಯಲ್ಲಿನ ಅಂಟು ಕಣಗಳು), ನಿಕೋಟಿನ್ ಅಳೆಯೋ ಐಎಸ್ಓ (ಅಂತಾರಾಷ್ಟ್ರೀಯ ಮಾನಕ ಸಂಸ್ಥೆ) ಪದ್ಧತಿಯಲ್ಲಿ ಯಂತ್ರ ನಿಮಿಷಕ್ಕೊಂದು ದಮ್ಮು ಎಳೆಯುತ್ತೆ. ಒಂದು ದಮ್ಮಿಗೆ 35 ಮಿಲಿಲೀಟರ್, 2 ಸೆಕೆಂಡು. ಯಂತ್ರದ ಹಿಡಿಕೆ ತೂತುಗಳನ್ನ ಮುಚ್ಚೋದಿಲ್ಲ. ಹಾಗಾಗಿ ತೂತು ಹೆಚ್ಚು ಹೊಡೆದಷ್ಟೂ ಯಂತ್ರ ಬರೀ ಗಾಳಿ ಕುಡಿದು ಕಮ್ಮಿ ಅಂಕಿ ಕೊಡುತ್ತೆ. ಮನುಷ್ಯರು ಹೀಗೆ ಸೇದಲ್ಲ ಅಂತಲೇ ಕೆನಡಾದ ಆರೋಗ್ಯ ಇಲಾಖೆ ಇನ್ನೊಂದು ಪದ್ಧತಿ ಮಾಡಿತು: ದಮ್ಮಿಗೆ 55 ಮಿಲಿಲೀಟರ್, 30 ಸೆಕೆಂಡಿಗೊಂದು, ತೂತೆಲ್ಲ ಪೂರ್ತಿ ಮುಚ್ಚಿ. ಗುಣಾಕಾರ ಮಾಡಿ ನೋಡಿ. ಹತ್ತು ನಿಮಿಷಕ್ಕೆ ಮೊದಲನೆಯದರಲ್ಲಿ 350 ಮಿಲಿಲೀಟರ್, ಎರಡನೆಯದರಲ್ಲಿ 1,100. ಮೂರು ಪಟ್ಟಿಗೂ ಹೆಚ್ಚು, ಅದೂ ಗಾಳಿ ಬೆರೆಯದ ಹೊಗೆ.

ಚಟ ಹತ್ತಿದ ದೇಹ ಅಳೆಯೋದು ಸಿಗರೇಟಿನ ಎಣಿಕೆ ಅಲ್ಲ, ರಕ್ತದಲ್ಲಿನ ನಿಕೋಟಿನ್. ಒಂದು ಸಿಗರೇಟಿನ ತಂಬಾಕಿನಲ್ಲಿ ಸುಮಾರು 10ರಿಂದ 14 ಮಿಲಿಗ್ರಾಂ ನಿಕೋಟಿನ್ ಇರುತ್ತೆ. ಮೈಗೆ ಸೇರೋದು ಸುಮಾರು 1ರಿಂದ 1.5 ಮಿಲಿಗ್ರಾಂ. ಅಂದರೆ ಬೇಕೆಂದರೆ ಇನ್ನೂ ಎಳೆದುಕೊಳ್ಳೋದಕ್ಕೆ ದಾಸ್ತಾನು ಯಾವಾಗಲೂ ಇದೆ. ಗಾಳಿ ಬೆರೆತು ಹೊಗೆ ತೆಳುವಾದರೆ ಸೇದುವವರು ತಮಗೇ ಗೊತ್ತಿಲ್ಲದೆ ದಮ್ಮು ದೊಡ್ಡದು ಮಾಡ್ತಾರೆ, ಬೇಗ ಬೇಗ ಎಳೀತಾರೆ, ಒಳಗೆ ಹೆಚ್ಚು ಹೊತ್ತು ಹಿಡೀತಾರೆ, ಬೆರಳು ಇಲ್ಲವೇ ತುಟಿಯಿಂದ ತೂತು ಮುಚ್ತಾರೆ. 12 ಮಿಲಿಮೀಟರ್ ಅಂದರೆ ಎರಡು ಬೆರಳ ಸಂದಿಯಲ್ಲಿ ಹಿಡಿಯೋ ಜಾಗವೇ ಅಲ್ಲವೇ?

ಅಮೆರಿಕದಲ್ಲಿ ವ್ಯಾಪಾರದ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1967ರಿಂದ ಇಂಥದ್ದೇ ಯಂತ್ರದ ಅಂಕಿಗೆ ಮಾನ್ಯತೆ ಕೊಟ್ಟಿತ್ತು, 2008ರಲ್ಲಿ ಅದನ್ನ ತಾನೇ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ನಲವತ್ತು ವರ್ಷ ಜನ ಆ ಅಂಕಿ ನೋಡಿ ಬ್ರಾಂಡ್ ಬದಲಾಯಿಸಿದ್ದರು.

ಇನ್ನೊಂದು ಮಾತು. ಹೊಗೆ ನವಿರಾದಷ್ಟೂ ಆಳಕ್ಕೆ ಇಳಿಯುತ್ತೆ. 2014ರ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸಾರ್ವಜನಿಕ ಆರೋಗ್ಯದ ಮುಖ್ಯ ಅಧಿಕಾರಿ) ವರದಿ, 1950ರ ದಶಕದಿಂದ ಸಿಗರೇಟಿನ ವಿನ್ಯಾಸದಲ್ಲಿ ಆದ ಬದಲಾವಣೆಗಳಿಂದಾಗಿ ಅಡಿನೋಕಾರ್ಸಿನೋಮಾ ಅನ್ನೋ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುವವರಲ್ಲಿ ಏರಿದೆ ಅಂತ ತೀರ್ಮಾನಿಸಿತು. ಗಾಳಿತೂತಿನ ಫಿಲ್ಟರು ಅದು ಹೆಸರಿಸಿದ ಅನುಮಾನಿತರಲ್ಲಿ ಒಂದು.

ಗೂಡಂಗಡಿ_ಮೂಲೆ

ಹಂಗಾದ್ರ ಬೆಳ್ಳು ಎತ್ತಿ ಹಿಡುದ್ರ ಲೈಟು, ಒತ್ತಿ ಹಿಡುದ್ರ ಸ್ಟ್ರಾಂಗು!

ಅಳತೆಪಟ್ಟಿ

ಒಂದೇ ಸಾಲಲ್ಲಿ ಹೇಳಿಬಿಟ್ಟಿರಿ 😀 ಮೇಜಿಗೆ ಇದೇ ಶೀರ್ಷಿಕೆ ಇಡಬಹುದು.

ಹಚ್ಚದೇ ಇದನ್ನ ತೋರಿಸೋದಕ್ಕೆ ಸ್ಟ್ರಾ ಸಾಕು. ಒಂದು ಲೋಟ ಪಾನಕ, ಒಂದು ಕಾಗದದ ಸ್ಟ್ರಾ (ಪ್ಲಾಸ್ಟಿಕ್ಕಿನದು 2022ರ ಜುಲೈ 1ರಿಂದ ನಿಷೇಧ). ಬಾಯಿ ಇಡೋ ತುದಿಯಿಂದ ಎರಡು ಬೆರಳಗಲ ಕೆಳಗೆ ಗುಂಡುಸೂಜಿಯಿಂದ ಸುತ್ತಲೂ ನಾಲ್ಕು ತೂತು ಚುಚ್ಚಿ. ಎಳೆದರೆ ಪಾನಕದ ಜೊತೆ ಗಾಳಿ ಸೊರ್ ಅಂತ ಬರುತ್ತೆ. ಅದೇ ಜಾಗವನ್ನ ಬೆರಳಲ್ಲಿ ಹಿಡಿದು ಎಳೆದರೆ ಬಾಯಿ ತುಂಬ ಪಾನಕ. ದಬ್ಬಣದಲ್ಲಿ ಚುಚ್ಚಬೇಡಿ, ತೂತು ದೊಡ್ಡದಾದರೆ ಬರೀ ಗಾಳಿ ಬಂದು ಪಾನಕ ಮೇಲೇರೋದೇ ಇಲ್ಲ, ನೋಡೋರಿಗೆ ‘ಹೌದಲ್ಲ, ಲೈಟೇ’ ಅನ್ನಿಸಿ ಉಲ್ಟಾ ಹೊಡೆಯುತ್ತೆ. ಕಾಗದದ ಸ್ಟ್ರಾ ಬೇಗ ಮೆತ್ತಗಾಗುತ್ತೆ, ತಲೆಗೊಂದರಂತೆ ಚುಚ್ಚಿ ಇಟ್ಟುಕೊಳ್ಳಿ.

ಬೆಣ್ಣೆದೋಸೆ577002

ಪಾನಕ ಪಕ್ಕಾ. ಆದರೆ ಜನ ನಿಜವಾಗಿ ತೂತು ಮುಚ್ಚಿ ಸೇದ್ತಾರೆ ಅನ್ನೋದಕ್ಕೆ ಸಾಕ್ಷಿ? ‘ನಾನು ಹಾಗೆ ಹಿಡಿಯಲ್ಲ’ ಅಂತ ಯಾರಾದರೂ ಅಂದರೆ?

ಉಸಿರುಲೆಕ್ಕ

ಸಾಕ್ಷಿ ಅಂಗಡಿ ಮುಂದೆಯೇ ಬಿದ್ದಿರುತ್ತೆ. ಸೇದಿ ಎಸೆದ ತುಂಡಿನ ಬಾಯಿಮುಖ ನೋಡಿ. ತೂತು ತೆರೆದಿದ್ದರೆ ಸುತ್ತಲಿಂದ ಗಾಳಿ ನುಗ್ಗಿ ಹೊಗೆಯನ್ನ ನಡುವಿಗೆ ತಳ್ಳುತ್ತೆ, ಹಾಗಾಗಿ ನಡುವೆ ಕಂದು ಚುಕ್ಕಿ, ಅಂಚಿನಲ್ಲಿ ಬಿಳಿ ಉಂಗುರ. ತೂತು ಮುಚ್ಚಿದ್ದರೆ ಅಂಚಿನವರೆಗೂ ಒಂದೇ ಸಮ ಕಂದು. ಅರ್ಧ ಮುಚ್ಚಿದ್ದರೆ ಕಲೆ ಒಂದು ಪಕ್ಕಕ್ಕೆ ವಾಲಿರುತ್ತೆ. ಸಂಶೋಧಕರು 1980ರ ದಶಕದಿಂದ ಬಳಸ್ತಿರೋ ವಿಧಾನ ಇದು.

ಎಡವೋದು ಮೂರು ಕಡೆ. ತೂತಿಲ್ಲದ ಸಿಗರೇಟಿನಲ್ಲಿ ಕಲೆ ಯಾವಾಗಲೂ ಪೂರ್ತಿಯೇ ಇರುತ್ತೆ, ಅದನ್ನ ‘ಮುಚ್ಚಿದ್ದು’ ಅಂತ ಎಣಿಸಬಾರದು. ಮೊದಲು ಅದೇ ಬಗೆಯ ಹೊಸ ಸಿಗರೇಟಿನಲ್ಲಿ ತೂತಿದೆಯೇ ನೋಡಿಕೊಳ್ಳಿ. ಎರಡನೆಯದು, ಮಳೆ, ಚಹಾ, ಎಂಜಲು ತಾಗಿದ ತುಂಡಿನಲ್ಲಿ ಕಲೆ ಹರಡಿರುತ್ತೆ. ಮೂರನೆಯದು, ಕಾಲಲ್ಲಿ ಹೊಸಕಿದ್ದು. ಒಣಗಿದ, ಅದೇ ದಿನದ, ಮುಖ ದುಂಡಗಿರೋ ತುಂಡುಗಳನ್ನ ಮಾತ್ರ ಆಯ್ದುಕೊಳ್ಳಿ. ಕೈಗವಸು, ಚಿಮಟ ಕಡ್ಡಾಯ. ಮೇಜಿನ ಮೇಲೆ ತುಂಡು ಇಡಬೇಡಿ, ವಾಸನೆಗೆ ಯಾರೂ ಹತ್ತಿರ ಬರಲ್ಲ. ಮುಖದ ಚಿತ್ರ ಹತ್ತಿರದಿಂದ ತೆಗೆದು ದೊಡ್ಡದಾಗಿ ಅಚ್ಚು ಹಾಕಿಸಿ.

ಕೋಟೆಗಾಳಿ (ಚಿತ್ರದುರ್ಗ)

ಬಣ್ಣದ ಮಾತು ಯಾರೂ ಎತ್ತಲಿಲ್ಲ. ಸೇದಿದ ಮೇಲೆ ಫಿಲ್ಟರ್ ಕಂದಾಗೋದನ್ನ ನೋಡಿ ‘ನೋಡು, ಎಷ್ಟು ವಿಷ ತಡೆದಿದೆ’ ಅಂತಾರಲ್ಲ, ಆ ಭಾವನೆಗೂ ಇತಿಹಾಸ ಇದೆ. 1953ರಲ್ಲಿ ಅಮೆರಿಕದ ಸಿಗರೇಟು ಕಂಪನಿ ಆರ್.ಜೆ. ರೆನಾಲ್ಡ್ಸಿನ ರಸಾಯನತಜ್ಞ ಕ್ಲಾಡ್ ಟೀಗ್, ಸೇದುವಾಗ ಬಣ್ಣ ಬದಲಾಗುವಂಥ ಫಿಲ್ಟರ್ ಮಾಡಬಹುದು ಅಂತ ಬರೆದಿಟ್ಟಿದ್ದ. ಇದರಿಂದ ಸೋಸುವ ಶಕ್ತಿ ಹೆಚ್ಚೋದು ಅಷ್ಟಕ್ಕಷ್ಟೇ, ಮಾರಾಟಕ್ಕೆ ಲಾಭ ಅನ್ನೋದು ಅವನ ವಾದದ ಸಾರ. ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ನಂಟು ತೋರಿಸಿದ ದೊಡ್ಡ ಅಧ್ಯಯನಗಳು 1950ರಲ್ಲಿ ಬಂದಿದ್ದವು, ಹೆದರಿದ ಗಿರಾಕಿಗೆ ಕಣ್ಣಿಗೆ ಕಾಣೋ ಸಮಾಧಾನ ಬೇಕಿತ್ತು. ಅದೇ ಹೊತ್ತಿನಲ್ಲಿ ಕೆಂಟ್ ಸಿಗರೇಟಿನ ‘ಮೈಕ್ರೋನೈಟ್’ ಫಿಲ್ಟರ್ ಬಲು ಸುರಕ್ಷಿತ ಅಂತ ಮಾರಾಟವಾಯಿತು. 1952ರಿಂದ 1956ರವರೆಗೆ ಅದರೊಳಗಿದ್ದದ್ದು ನೀಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್!

ಕಂದು ಕಲೆ ತೋರಿಸೋದು ಹೊಗೆಯ ಕಣಗಳಲ್ಲಿ ಸಿಕ್ಕಿಬಿದ್ದ ಒಂದು ಪಾಲು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ಅಸಿಟೇಟ್ ಎಳೆ ಅದನ್ನ ಹಿಡಿಯೋದೂ ಇಲ್ಲ.

ಟಿಪ್ಪಿಂಗ್ ಪೇಪರಿನ ಬಣ್ಣವೂ ಹೀಗೇ. ಕಂದು ಮೇಲೆ ಹಳದಿ ಚುಕ್ಕಿ ಇರೋದು ಬೆಂಡಿನ (ಕಾರ್ಕ್) ನಕಲು. ಹಿಂದೆ ಸಿಗರೇಟು ತುಟಿಗೆ ಅಂಟಬಾರದು ಅಂತ ನಿಜವಾದ ಕಾರ್ಕ್ ಸುತ್ತುತ್ತಿದ್ದರು. ಕಾರ್ಕ್ ಹೋಯಿತು, ಚಿತ್ರ ಉಳಿಯಿತು. ಈಗ ಕಂದು ಅಂದರೆ ‘ಗಟ್ಟಿ’, ಬಿಳಿ ಅಂದರೆ ‘ಸೌಮ್ಯ’ ಅಂತ ಕಣ್ಣು ಓದಿಕೊಳ್ಳುತ್ತೆ. ಒಳಗಿನ ತಂಬಾಕಿಗೂ ಈ ಕಾಗದದ ಬಣ್ಣಕ್ಕೂ ಸಂಬಂಧವಿಲ್ಲ.

ಪ್ಯಾಕಿನ ಬಣ್ಣ ಕೇಳಿ. ‘ಲೈಟ್’, ‘ಮೈಲ್ಡ್’ ಪದಗಳನ್ನ ಯುರೋಪ್ 2003ರಲ್ಲಿ, ಅಮೆರಿಕ 2010ರ ಜೂನಿನಲ್ಲಿ ತೆಗೆಸಿದವು. ಅಮೆರಿಕದಲ್ಲಿ ಮಾರ್ಲ್‌ಬೊರೊ ಲೈಟ್ಸ್ ಅನ್ನೋದು ಮಾರ್ಲ್‌ಬೊರೊ ಗೋಲ್ಡ್ ಆಯಿತು. ಪದ ಹೋದರೂ ಬಣ್ಣ ಅದೇ ಕೆಲಸ ಮುಂದುವರಿಸಿತು. ಇದನ್ನೆಲ್ಲ ಅರಿತೇ ಆಸ್ಟ್ರೇಲಿಯಾ 2012ರ ಡಿಸೆಂಬರಿನಿಂದ ಎಲ್ಲ ಪ್ಯಾಕಿಗೂ ಒಂದೇ ಕೊಳಕು ಕಂದು ಬಣ್ಣ ಕಡ್ಡಾಯ ಮಾಡಿದ್ದು. ನಮ್ಮ ದೇಶದಲ್ಲೂ ಲೈಟ್, ಮೈಲ್ಡ್, ಲೋ ಟಾರ್ ಅಂತ ಪ್ಯಾಕಿನ ಮೇಲೆ ಬರೆಯೋ ಹಾಗಿಲ್ಲ. ಹಾಗಾದರೆ ಗಿರಾಕಿಗೆ ಆ ಪದ ಎಲ್ಲಿಂದ ಬಂತು? ಬಣ್ಣದಿಂದ, ಅಂಗಡಿಯ ಬಾಯಿಂದ.

ಗೂಡಂಗಡಿ_ಮೂಲೆ

ಅಂಗಡಿಯೋರನ್ನ ಬೈಬ್ಯಾಡ್ರಿ. ಗಿರಾಕಿ ಕೇಳಿದ್ ಹೆಸರಿಂದಲೇ ಕೊಡಬೇಕಲ್ಲ. ಸಣ್ಣದು ದೊಡ್ಡದರ ಲೆಕ್ಕ ಹೇಳ್ರಿ, ದಿನಾ ಅದೇ ಜಗಳ.

ಅಳತೆಪಟ್ಟಿ

ಉದ್ದ ಬೇರೆ, ದಪ್ಪ ಬೇರೆ. ಎರಡಕ್ಕೂ ಕಾರಣ ಬೇರೆ.

ನಮ್ಮಲ್ಲಿ ಉದ್ದ ನಿರ್ಧರಿಸಿದ್ದು ತೆರಿಗೆ. ಕೇಂದ್ರದ ಸುಂಕದ ಮೆಟ್ಟಿಲುಗಳು 65, 70, 75 ಮಿಲಿಮೀಟರ್ ಅಂತ ಇವೆ. ಹಾಗಾಗಿ ಕಂಪನಿಗಳು ಮೆಟ್ಟಿಲಿಗೆ ಒಂದು ಮಿಲಿಮೀಟರ್ ಕಮ್ಮಿ, ಅಂದರೆ 64, 69, 74 ಅಂತ ಮಾಡ್ತಾರೆ. ಕಿಂಗ್ ಸೈಜ್ ಸುಮಾರು 84. ‘ಸಣ್ಣದು ಸೇದಿದರೆ ಆರೋಗ್ಯಕ್ಕೆ ಪರವಾಗಿಲ್ಲ’ ಅಂತ ಗಿರಾಕಿ ಅಂದುಕೊಂಡಿದ್ದು ಮೂಲದಲ್ಲಿ ಸುಂಕದ ಲೆಕ್ಕ! ಪಟ್ಟಿ ಹಿಡಿದಾಗ ಒಟ್ಟು ಉದ್ದ ಮಾತ್ರ ಬರೆಯಬೇಡಿ, ಟಿಪ್ಪಿಂಗ್ ಕಳೆದು ಉಳಿದದ್ದನ್ನೂ ಬರೆಯಿರಿ. ಸೇದುವವರು ಸಾಮಾನ್ಯವಾಗಿ ಆ ಗೆರೆ ತನಕ ಬಂದು ನಿಲ್ಲಿಸ್ತಾರೆ, ಉರಿಯೋದು ಅಷ್ಟೇ.

ದಪ್ಪದ ಲೆಕ್ಕ: ಮಾಮೂಲಿ ಸಿಗರೇಟಿನ ವ್ಯಾಸ ಸುಮಾರು 7.8 ಮಿಲಿಮೀಟರ್, ಸ್ಲಿಮ್ಮಿನದು ಸುಮಾರು 5.4. ನೋಡೋಕೆ ಮೂರರಲ್ಲೊಂದು ಪಾಲು ಕಮ್ಮಿ. ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ 48ರಿಂದ 23 ಚದರ ಮಿಲಿಮೀಟರಿಗೆ ಇಳಿದಿರುತ್ತೆ, ಅರ್ಧಕ್ಕಿಂತ ಕಮ್ಮಿ. ತಂಬಾಕು ಕಮ್ಮಿ, ನಿಜ. ಆದರೆ ಅದು ಒಂದು ಸಿಗರೇಟಿಗೆ. ಚಟ ಕೇಳೋದು ದಿನಕ್ಕೆ.

ಸ್ಲಿಮ್ ಹೆಂಗಸರಿಗೆ ಅನ್ನೋ ಭಾವನೆಯೂ ತಾನಾಗಿ ಹುಟ್ಟಿದ್ದಲ್ಲ. 1968ರಲ್ಲಿ ವರ್ಜೀನಿಯಾ ಸ್ಲಿಮ್ಸ್ ಬಂದಿದ್ದೇ ಹೆಂಗಸರನ್ನ ಗುರಿಯಿಟ್ಟು. ತಮಾಷೆ ಅಂದರೆ ಇವತ್ತು ‘ಗಂಡಸಿನ ಸಿಗರೇಟು’ ಅನ್ನಿಸೋ ಮಾರ್ಲ್‌ಬೊರೊ 1924ರಲ್ಲಿ ಶುರುವಾದಾಗ ಹೆಂಗಸರ ಸಿಗರೇಟು. 1950ರ ದಶಕದ ನಡುವೆ ಫಿಲ್ಟರು, ಕೆಂಪು ಬಿಳಿ ಗಟ್ಟಿ ಪ್ಯಾಕು, ಕೌಬಾಯ್ ಹಾಕಿದ ಮೇಲೆ ಲಿಂಗ ಬದಲಾಯಿತು.

ತುಂಗಾತೀರ (ಹೊನ್ನಾಳಿ)

ಒತ್ತಿದರೆ ಟಕ್ ಅನ್ನೋ ಗುಳಿಗೆಯದ್ದು? ಹುಡುಗರು ಅದನ್ನೇ ಕೇಳ್ತಾರೆ.

ಉಸಿರುಲೆಕ್ಕ

ಫಿಲ್ಟರಿನ ನಡುವೆ ಮೂರು ಮಿಲಿಮೀಟರಿನಷ್ಟು ದಪ್ಪದ ಗುಂಡು, ಒಳಗೆ ಮೆಂಥಾಲ್ ಅಥವಾ ಬೇರೆ ಸುವಾಸನೆಯ ದ್ರವ. ಮೆಂಥಾಲ್ ಗಂಟಲನ್ನ ತಣ್ಣಗೆ ಮಾಡೋದಿಲ್ಲ, ತಣ್ಣಗಾದ ಹಾಗೆ ನರಕ್ಕೆ ಸುಳ್ಳು ಸುದ್ದಿ ಕಳಿಸುತ್ತೆ. ಚಳಿ ಗುರುತಿಸೋ ಟಿಆರ್‌ಪಿಎಂ8 ಅನ್ನೋ ನರದ ಗ್ರಾಹಕವನ್ನ (ರಿಸೆಪ್ಟರ್) ಅದು ಒತ್ತುತ್ತೆ, ಅಷ್ಟೇ. ಹೊಸದಾಗಿ ಸೇದುವವರನ್ನ ಕೆಮ್ಮು, ಕೆರೆತ ತಡೆಯಬೇಕು. ಆ ಬೇಲಿಯನ್ನ ಇದು ಕಿತ್ತುಹಾಕುತ್ತೆ. ‘ಯಾವಾಗ ಒಡೆಯಬೇಕು ಅನ್ನೋದು ನನ್ನ ಕೈಲಿದೆ’ ಅನ್ನೋ ಆಟ ಅದರ ಮೇಲೆ. ಯುರೋಪ್ ಒಕ್ಕೂಟ 2020ರ ಮೇ 20ರಿಂದ ಮೆಂಥಾಲ್ ಸಿಗರೇಟನ್ನೇ ನಿಷೇಧಿಸಿತು. ಮೇಜಿನ ಮೇಲೆ ಗುಂಡು ತೆಗೆದು ಇಡಬಹುದು, ಆದರೆ ಒಡೆಯಬೇಡಿ. ಒಳ್ಳೆ ವಾಸನೆ ಬಂದರೆ ನಿಮ್ಮ ಮೇಜೇ ಜಾಹೀರಾತು ಆಗಿಬಿಡುತ್ತೆ.

ಎಲೆದಾರ (ದಾವಣಗೆರೆ)

ಎಲ್ಲಾ ಸಿಗರೇಟಿನದೇ ಆತು. ಬೀಡಿ ಕಟ್ಟೋ ಊರಲ್ಲಿ ಕೂತು ಬೀಡಿ ಬಿಟ್ರ ಹೆಂಗ? ‘ಎಲಿ ಐತಿ, ಕಾಗದ ಇಲ್ಲ, ಫಿಲ್ಟರ್ ಕೆಮಿಕಲ್ ಇಲ್ಲ, ನ್ಯಾಚುರಲ್’ ಅಂತಾರ. ರೂಪದ ಮೋಸ ಅಲ್ಲೂ ಐತಿ.

ಬೀಡಿಯೊಳಗ ತಂಬಾಕು ಸುಮಾರು 0.2 ಗ್ರಾಂ, ಸಿಗರೇಟಿನಾಗ ಅದರ ಮೂರು ನಾಲ್ಕು ಪಟ್ಟು. ನೋಡಿದ್ರ ಬೀಡಿ ಸಣ್ಣದು. ಆದ್ರ ಬೀಡಿ ಸುತ್ತೋ ತುಮರಿ ಎಲಿ ಸಿಗರೇಟ್ ಕಾಗದದಂಗ ಗಾಳಿ ಬಿಡಾಂಗಿಲ್ಲ. ಸಿಗರೇಟ್ ಕಾಗದಕ್ಕ ಸುಣ್ಣದ ಪುಡಿ (ಕ್ಯಾಲ್ಸಿಯಂ ಕಾರ್ಬೊನೇಟ್) ಬೆರೆಸಿರ್ತಾರ, ಒಂದೇ ಸಮ ಉರೀಲಿ ಅಂತ ಸಿಟ್ರೇಟ್ ಉಪ್ಪು ಹಾಕಿರ್ತಾರ. ಅದಕ್ಕ ಸಿಗರೇಟು ಆಶ್‌ಟ್ರೇಯೊಳಗಿಟ್ರೂ ತಾನಾಗೇ ಉರೀತೈತಿ. ಬೀಡಿ ಎಳೀದಿದ್ರ ಆರತೈತಿ. ಆರಬಾರದು ಅಂತ ಜೋರಾಗಿ, ಪದೇ ಪದೇ ಎಳೀಬೇಕು. ಹಂಗಾಗಿ ತಂಬಾಕು ಕಡಿಮಿ ಇದ್ರೂ ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಕಡಿಮಿ ಬರಾಂಗಿಲ್ಲ. ತೂತಿನ ಸಿಗರೇಟು ಎಳಿಯೋದನ್ನ ಬ್ಯಾರೆ ರೀತಿ ಕಲಿಸಿದ್ರ, ಬೀಡಿ ಇನ್ನೊಂದು ರೀತಿ ಕಲಿಸತೈತಿ.

ದಾರದ ಬಣ್ಣನೂ ಮರೀಬ್ಯಾಡ್ರಿ. ಕಟ್ಟು ಬಿಚ್ಚಿದ ಮ್ಯಾಲೆ ಬ್ರಾಂಡ್ ಗುರುತು ಉಳಿಯೋದು ಅದೊಂದರಾಗ.

ಕೋಟೆಗಾಳಿ

ಉರಿಯೋ ಮಾತು ಬಂದಿದ್ದಕ್ಕೆ ಪಕ್ಕದ ಟಿಪ್ಪಣಿ: ನಮ್ಮೂರ ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಯಲ್ಲಿ ಸಿಗರೇಟು ಎಳೆಯದಿದ್ದರೂ ಬೇಗ ಮುಗಿಯುತ್ತೆ, ‘ಇದರಲ್ಲಿ ತಂಬಾಕೇ ಇಲ್ಲ’ ಅಂತ ಬ್ರಾಂಡನ್ನ ಬೈತಾರೆ. ಬಯಲಲ್ಲಿ ಒಂದಕ್ಕೆ ಎರಡು ಹಚ್ಚೋದಕ್ಕೆ ಇದೂ ಒಂದು ಕಾರಣ.

ಎಲೆದಾರ ಅವರು ಹೇಳಿದ ದಾರದ ಮಾತು ದೊಡ್ಡದು. ಪ್ಯಾಕಿನ ಮೇಲೆ 2016ರ ಏಪ್ರಿಲ್ 1ರಿಂದ ಶೇ. 85 ಭಾಗ ಎಚ್ಚರಿಕೆ ಚಿತ್ರ ಇದೆ. ಆದರೆ ಬಿಡಿಯಾಗಿ ಒಂದು ಕೊಂಡವರ ಕೈಗೆ ಆ ಚಿತ್ರ ಬರೋದೇ ಇಲ್ಲ. ಅವರ ಕೈಲಿರೋದು ಬಿಳಿ ಕೊಳವೆ, ಚಿನ್ನದ ಗೆರೆ, ಪುಟ್ಟ ಲಾಂಛನ. ಅಂಥವರಿಗೆ ಕಡ್ಡಿಯೇ ಪ್ಯಾಕು. ಕೆನಡಾ 2023ರಲ್ಲಿ ಒಂದೊಂದು ಸಿಗರೇಟಿನ ಟಿಪ್ಪಿಂಗ್ ಪೇಪರಿನ ಮೇಲೂ ಎಚ್ಚರಿಕೆ ಅಚ್ಚು ಹಾಕೋ ನಿಯಮ ತಂದದ್ದು ಈ ಸಂದಿಯನ್ನ ಮುಚ್ಚೋಕೆ. ನಮ್ಮ ರಾಜ್ಯ 2025ರಲ್ಲಿ ಜಾರಿಗೆ ತಂದ ತಿದ್ದುಪಡಿಯಲ್ಲಿ ಬಿಡಿ ಮಾರಾಟವನ್ನೇ ನಿಷೇಧಿಸಿದೆ, ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಹೋಗಿದೆ.

ಗೂಡಂಗಡಿ_ಮೂಲೆ

ಕಾನೂನು ಗೊತ್ತೈತ್ರೀ. ಪೂರಾ ಪ್ಯಾಕ್ ತಗೋ ಅಂದ್ರ ಗಿರಾಕಿ ಮುಖ ಸಿಂಡರಿಸ್ತಾನ. ಅದಿರ್ಲಿ, ‘ಸ್ಟ್ರಾಂಗ್ ಬಿಟ್ಟು ಲೈಟಿಗೆ ಬಂದೀನಿ, ನಿಧಾನಕ್ಕ ಬಿಡ್ತೀನಿ’ ಅನ್ನೋರಿಗೆ ಏನ್ ಹೇಳೋದು?

ಉಸಿರುಲೆಕ್ಕ

ಆ ದಾರಿಯಲ್ಲಿ ಬ್ರಾಂಡ್ ಬದಲಾಗುತ್ತೆ, ನಿಕೋಟಿನ್ ಹಾಗೇ ಇರುತ್ತೆ. ಅವರಿಗೆ ಬೇರೆ ಪ್ರಶ್ನೆ ಕೇಳಿ: ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ? ಅರ್ಧ ಗಂಟೆಯೊಳಗೆ ಅಂದರೆ ಚಟ ಗಟ್ಟಿ, ಐದು ನಿಮಿಷದೊಳಗೆ ಅಂದರೆ ಇನ್ನೂ ಗಟ್ಟಿ. ಸೇದೋದು ಬಿಳಿ ಫಿಲ್ಟರಿಂದೋ ಕಂದಿಂದೋ ಅನ್ನೋದು ಇದನ್ನ ಹೇಳಲ್ಲ.

ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂನಲ್ಲಿ ಸಿಗುತ್ತೆ. ಯಾವುದು ಬೇಕು ಅಂತ ವೈದ್ಯರು ನಿರ್ಧರಿಸೋದು ಈ ಉತ್ತರ ಕೇಳಿಯೇ. ಹೆಚ್ಚಿನವರು ಅದನ್ನ ಬಬಲ್‌ಗಮ್ ಥರ ಅಗಿದು, ಎಂಜಲು ನುಂಗಿ, ಬಿಕ್ಕಳಿಕೆ, ಹೊಟ್ಟೆ ತೊಳಸು ಬಂತು ಅಂತ ಉಗಿದುಬಿಡ್ತಾರೆ. ನಿಧಾನಕ್ಕೆ ಅಗಿದು, ಖಾರ ಚುರುಗುಟ್ಟಿದ ಕೂಡಲೇ ಕೆನ್ನೆ ಒಸಡಿನ ನಡುವೆ ಇಟ್ಟುಕೊಳ್ಳಬೇಕು, ಚುರುಗುಟ್ಟೋದು ನಿಂತ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಕಾಫಿ ಕುಡಿದ ಕೂಡಲೇ ಹಾಕಿದರೆ ಬಾಯಿ ಹುಳಿಯಾಗಿ ನಿಕೋಟಿನ್ ಸರಿಯಾಗಿ ಹೀರಲ್ಲ, ಕಾಲು ಗಂಟೆ ಬಿಡಿ. ಪ್ಯಾಕಿನ ಮೇಲೆ 2018ರಿಂದ ಅಚ್ಚಾಗ್ತಿರೋ 1800-11-2356 ಉಚಿತ ಸಂಖ್ಯೆ. ಬಿಡಿ ಕೊಳ್ಳುವವರು ಅದನ್ನೂ ನೋಡಿರಲ್ಲ, ಅಂಗಡಿಯಲ್ಲಿ ಚೀಟಿ ಬರೆದು ಅಂಟಿಸಿಡಿ ಅಣ್ಣ.

ಬೆಣ್ಣೆದೋಸೆ577002

ಮೇಜು ಹೀಗೆ: ಎಡಕ್ಕೆ ಸೀಳಿದ ಸಿಗರೇಟು, ಟಾರ್ಚಿನ ಮೇಲೆ ಟಿಪ್ಪಿಂಗ್ ಪೇಪರು. ನಡುವೆ ಪಾನಕ, ಚುಚ್ಚಿದ ಸ್ಟ್ರಾ. ಬಲಕ್ಕೆ ತುಂಡಿನ ಮುಖಗಳ ಚಿತ್ರ, ಪಕ್ಕದಲ್ಲಿ ಬೀಡಿ ಎಲೆ. ಹಿಂದೆ ‘ಬೆಳ್ಳು ಎತ್ತಿ ಹಿಡುದ್ರ ಲೈಟು, ಒತ್ತಿ ಹಿಡುದ್ರ ಸ್ಟ್ರಾಂಗು’.

ಉಸಿರುಲೆಕ್ಕ

ಆ ಸಾಲಿನ ಕೆಳಗೆ 350 ಮತ್ತು 1,100 ಮಿಲಿಲೀಟರಿನ ಲೆಕ್ಕ ಹಾಕಲೇಬೇಕು. ಇಲ್ಲದಿದ್ದರೆ ‘ಎತ್ತಿ ಹಿಡಿದು ಸೇದಿದರೆ ಆಯ್ತಲ್ಲ’ ಅಂತ ಓದಿಕೊಂಡು ಹೋಗ್ತಾರೆ. ಎತ್ತಿ ಹಿಡಿದವರೂ ದಮ್ಮು ದೊಡ್ಡದು ಮಾಡಿ ಲೆಕ್ಕ ಸರಿಮಾಡಿಕೊಳ್ತಾರೆ.

ಅಳತೆಪಟ್ಟಿ

350 ಅಂದರೆ ಚಹಾ ಲೋಟದಲ್ಲಿ ಎಷ್ಟು, 1,100 ಅಂದರೆ ಎಷ್ಟು ಅಂತ ಎರಡು ಬಾಟಲಿಯಲ್ಲಿ ಬಣ್ಣದ ನೀರು ತುಂಬಿ ಇಡಿ. ಒಂದು ಲೀಟರ್ ಬಾಟಲಿ ಸಾಲಲ್ಲ, ತುಳುಕುತ್ತೆ. ಎರಡು ಲೀಟರಿನದು ತನ್ನಿ. ಪಾನಕದ ಬಣ್ಣ ಮಾತ್ರ ಹಾಕಬೇಡಿ, ಯಾರಾದರೂ ಕುಡಿದುಬಿಟ್ಟಾರು.

ಗೂಡಂಗಡಿ_ಮೂಲೆ

ಒಣಗಿದ ತುಂಡು ಬೇಕಂದ್ರ ಬೆಳಿಗ್ಗೆ ಕಸ ಹೊಡಿಯೋಕ್ ಮುಂಚೆ ಬರ್ರಿ, ಏಳರೊಳಗ. ಆಮ್ಯಾಲೆ ನೀರು ಚಿಮುಕಿಸಿಬಿಡ್ತಾರ.

ಬೆಣ್ಣೆದೋಸೆ577002

ಆರೂವರೆಗೆ ಚಿಮಟ, ಕೈಗವಸು ಸಮೇತ ಹಾಜರ್.